ಅಪ್‌ಡೇಟ್: ಮೊಡವೆ ಕಲೆಗೆ ಕೊನೆಗೂ ದಾರಿ ಸಿಕ್ಕಿತು

3 ವಾರದ ಹಿಂದೆ, ಕೆನ್ನೆ ಮೇಲಿನ ಮೊಡವೆ ಕಲೆ, ಗುಳಿಗಳಿಗೆ ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನಿಂಬೆರಸ ಮಾತ್ರ ದಯವಿಟ್ಟು ಹಚ್ಚಬೇಡಿ. ಎರಡೇ ದಿನಕ್ಕೆ ಮುಖ ಉರಿದು ಕೆಂಪಾಯಿತು. ತೆಂಗಿನೆಣ್ಣೆ ಹಚ್ಚಿದ ಮೇಲೆ ಹೊಸ ಮೊಡವೆಗಳೇ ಎದ್ದವು.

ಕೆಲಸಕ್ಕೆ ಬಂದದ್ದು ಶಿರಸಿಯ ಅಕ್ಕ ಹೇಳಿದ ಮಾತು: ಸುಮ್ನೆ ಏನೇನೋ ಹಚ್ಚಬೇಡ, ಮೊದಲು ಚರ್ಮದ ಡಾಕ್ಟರಿಗೆ ತೋರಿಸು. ಕಾರವಾರದಲ್ಲೇ ತೋರಿಸಿದೆ. ನನ್ನ ಕಲೆಗಳಲ್ಲಿ ಅರ್ಧ ಬರೀ ಕಪ್ಪು ಗುರುತಂತೆ! ಅವು ತಿಂಗಳುಗಳಲ್ಲಿ ತಾವಾಗಿಯೇ ತಿಳಿಯಾಗುತ್ತವೆ, ಬಿಸಿಲು ಬಿದ್ದರೆ ನಿಧಾನ. ನಮ್ಮ ಕಡಲತೀರದ ಬಿಸಿಲು ಗೊತ್ತಲ್ವಾ? ಹಾಗಾಗಿ ದಿನಾ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ರಾತ್ರಿ ಬಟಾಣಿಯಷ್ಟು ಅಡಾಪಲೀನ್ ಜೆಲ್ (ಮೊಡವೆಗೆ ಹಚ್ಚುವ ಔಷಧಿ). ಗರ್ಭಿಣಿಯರು ಈ ಜೆಲ್ ಹಚ್ಚಬಾರದು.

ನಿಜವಾದ ಗುಳಿಗಳಿಗೆ ಕ್ರೀಮ್ ಸಾಲದು. ಅಗಲದವಕ್ಕೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಸೂಜಿ ಚುಚ್ಚಿದಂಥ ಆಳದವಕ್ಕೆ ಗುಳಿಯೊಳಗೇ ಹಚ್ಚುವ ಟಿಸಿಎ ಎಂಬ ಗಾಢ ಆಸಿಡ್. ಎರಡನ್ನೂ ಡಾಕ್ಟರೇ ಮಾಡಬೇಕು, ಅದೂ ಮೊಡವೆ ಹತೋಟಿಗೆ ಬಂದ ಮೇಲೆ. ತಿಂಗಳಿಗೊಂದರಂತೆ ಹಲವು ಸಲ ಬೇಕು. ಪೂರ್ತಿ ಹೋಗುವುದಿಲ್ಲ, ಆಳ ಕಡಿಮೆಯಾಗುತ್ತದೆ ಎಂದು ನೇರವಾಗಿ ಹೇಳಿದರು. ಅದು ನನಗೆ ಇಷ್ಟವಾಯಿತು.

ಜೆಲ್‌ನಿಂದ ಮೊದಲ ವಾರ ಚರ್ಮ ಸುಲಿಯಿತು. ಡಾಕ್ಟರ್ ಹೇಳಿದಂತೆ ದಿನ ಬಿಟ್ಟು ದಿನ ಹಚ್ಚಿದ ಮೇಲೆ ಸರಿಹೋಯಿತು.