‘ಫರ್ನಿಚರ್’ ಯಾವ ಬಗೆಯ ನೌನ್?

ಪ್ರಶ್ನೆ: ಪೋಷಕರು, ದಾವಣಗೆರೆ

ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿರುವ ನನ್ನ ಮಗಳಿಗೆ ಇಂಗ್ಲಿಷ್ ನಾಮಪದಗಳನ್ನು ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಅಬ್‌ಸ್ಟ್ರಾಕ್ಟ್ ಎಂದು ಐದು ಬಗೆಯಾಗಿ ಕಲಿಸಿದ್ದಾರೆ. ಮೊದಲೆರಡು ನಮ್ಮ ಅಂಕಿತನಾಮ ಮತ್ತು ರೂಢನಾಮಗಳೇ ಎಂದು ನಾನು ಹೇಳಿಕೊಟ್ಟೆ. ಆದರೆ ಮೇಜು, ಕುರ್ಚಿ, ಮಂಚಗಳನ್ನೆಲ್ಲ ಒಟ್ಟಾಗಿ ಸೂಚಿಸುವ ‘ಫರ್ನಿಚರ್’ ಕಲೆಕ್ಟಿವ್ ನೌನ್ ಏಕಲ್ಲ ಎಂಬುದು ಅವಳ ಪ್ರಶ್ನೆ. ಜೊತೆಗೆ ‘ಸ್ಟೋನ್’ ಪದವನ್ನು ಒಂದು ಗೈಡ್ ಕಾಮನ್ ಎಂದರೆ ಇನ್ನೊಂದು ಮೆಟೀರಿಯಲ್ ಎನ್ನುತ್ತದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಇಂಗ್ಲಿಷ್ ಶಿಕ್ಷಕಿ, ಚಿತ್ರದುರ್ಗ

ಎರಡೂ ಗೈಡುಗಳು ಸರಿಯೇ ಸರ್. ವಾಕ್ಯವಿಲ್ಲದೆ ಪದವನ್ನಷ್ಟೇ ಕೊಟ್ಟಿರುವುದರಿಂದ ತೊಡಕಾಗಿದೆ. ನಮ್ಮ ಕೋಟೆಯನ್ನೇ ತೆಗೆದುಕೊಳ್ಳಿ. ‘ದ ಫೋರ್ಟ್ ಈಸ್ ಬಿಲ್ಟ್ ಆಫ್ ಸ್ಟೋನ್’ ಎಂದಾಗ ಕಲ್ಲು ಕಟ್ಟಡದ ಸಾಮಗ್ರಿ. ಅಲ್ಲಿ ‘ಎ’ಯೂ ಬರದು, ಬಹುವಚನವೂ ಬರದು. ‘ಎ ಸ್ಟೋನ್ ಫೆಲ್ ಫ್ರಮ್ ದ ವಾಲ್’ ಎಂದಾಗ ಅದು ಎಣಿಸಬಹುದಾದ ಒಂದು ಕಲ್ಲು, ಆದ್ದರಿಂದ ಕಾಮನ್ ನೌನ್. ‘ಫೋರ್ಟ್’ ಕೂಡ ಹಾಗೆಯೇ: ಒಂಟಿಯಾಗಿದ್ದರೆ ಕಾಮನ್, ‘ಚಿತ್ರದುರ್ಗ ಫೋರ್ಟ್’ ಎಂದಾಗ ಇಡೀ ಹೆಸರೇ ಪ್ರಾಪರ್, ಎರಡು ಪದಗಳಿಗೂ ದೊಡ್ಡಕ್ಷರ.

ಇನ್ನು ಫರ್ನಿಚರ್. ‘ಟೀಮ್’ ಎಂಬುದು ಒಂದು ಗುಂಪನ್ನು ಸೂಚಿಸುತ್ತದೆ ಮತ್ತು ಅಂಥ ಗುಂಪುಗಳನ್ನು ‘ಟೂ ಟೀಮ್ಸ್’ ಎಂದು ಎಣಿಸಬಹುದು. ಫರ್ನಿಚರ್ ಅನ್‌ಕೌಂಟಬಲ್ ಆದ್ದರಿಂದ, ಅಂಗಡಿಗಳ ಬೋರ್ಡುಗಳಲ್ಲಿ ‘ಫರ್ನಿಚರ್ಸ್’ ಎಂದು ಎಷ್ಟೇ ಕಂಡರೂ, ಎಣಿಸುವಾಗ ‘ಟೂ ಪೀಸಸ್ ಆಫ್ ಫರ್ನಿಚರ್’ ಎಂದೇ ಬರೆಯಬೇಕು. ಲಗೇಜ್, ಅಡ್ವೈಸ್, ಇನ್‌ಫರ್ಮೇಷನ್‌ಗಳೂ ಇದೇ ಸಾಲಿನವು. ಐದು ಹೆಸರುಗಳನ್ನು ಉರು ಹೊಡೆಸುವುದಕ್ಕಿಂತ ಕೌಂಟಬಲ್–ಅನ್‌ಕೌಂಟಬಲ್ ಭೇದವನ್ನು ಕಲಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ‘ಎ’ ಹಾಕಬೇಕೇ, ‘ಮೆನಿ’ಯೋ ‘ಮಚ್’ಚೋ ಎಂಬುದೆಲ್ಲ ನಿರ್ಧಾರವಾಗುವುದು ಅದರಿಂದಲೇ.

ಉತ್ತರ: ಕನ್ನಡ ಅಧ್ಯಾಪಕ, ಹಿರಿಯೂರು

ಅಂಕಿತ–ರೂಢಗಳ ಹೋಲಿಕೆ ಒಪ್ಪತಕ್ಕದ್ದೇ, ಆದರೆ ಅದನ್ನು ಮುಂದಕ್ಕೆ ಎಳೆಯಬಾರದು. ‘ಶಿಕ್ಷಕ’, ‘ರೋಗಿ’ ನಮ್ಮಲ್ಲಿ ಅನ್ವರ್ಥನಾಮಗಳು, ಅಂದರೆ ವೃತ್ತಿ, ಸ್ಥಿತಿ ಮುಂತಾದವಕ್ಕೆ ತಕ್ಕಂತೆ ಬಂದ ಹೆಸರುಗಳು. ‘ಟೀಚರ್’, ‘ಪೇಷಂಟ್’ ಅಲ್ಲಿ ಬರಿಯ ಕಾಮನ್ ನೌನ್‌ಗಳು. ಇದಕ್ಕಿಂತ ದೊಡ್ಡ ತೊಡಕು ಗುಣವಾಚಕದ್ದು. ನಮ್ಮ ಶಾಲಾ ವ್ಯಾಕರಣವು ‘ದೊಡ್ಡ’, ‘ಹತ್ತು’ ಮುಂತಾದವನ್ನೂ ನಾಮಪದದ ಬಗೆಗಳಲ್ಲಿಯೇ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ‘ಬಿಗ್ ಫೋರ್ಟ್’ ಎಂಬಲ್ಲಿನ ‘ಬಿಗ್’ ಅಡ್ಜೆಕ್ಟಿವ್. ನೌನ್‌ಗಳಿಗೆ ಗೆರೆ ಎಳೆಯಿರಿ ಎಂದಾಗ ಚೆನ್ನಾಗಿ ಓದುವ ಮಕ್ಕಳೂ ‘ಬಿಗ್’ ಕೆಳಗೆ ಗೆರೆ ಎಳೆಯುವುದು ಇದರಿಂದಲೇ. ಭಾವನಾಮ ಮಾತ್ರ ಅಬ್‌ಸ್ಟ್ರಾಕ್ಟ್ ನೌನಿಗೆ ಬಹುಮಟ್ಟಿಗೆ ಹೊಂದುತ್ತದೆ.

ಮರುಪ್ರಶ್ನೆ: ಪೋಷಕರು, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ನ್ಯೂಸ್’ ಬಹುವಚನವೇ? ‘ಪೊಲೀಸ್’?

ಉತ್ತರ: ಇಂಗ್ಲಿಷ್ ಶಿಕ್ಷಕಿ, ಚಿತ್ರದುರ್ಗ

‘ನ್ಯೂಸ್’ ಕೊನೆಯಲ್ಲಿ ‘ಎಸ್’ ಇದ್ದರೂ ಅದು ಅನ್‌ಕೌಂಟಬಲ್, ಕ್ರಿಯಾಪದ ಏಕವಚನ: ‘ದ ನ್ಯೂಸ್ ಈಸ್ ಗುಡ್’. ‘ಪೊಲೀಸ್’ನದು ಇದಕ್ಕೆ ತದ್ವಿರುದ್ಧ; ‘ಎಸ್’ ಇಲ್ಲದಿದ್ದರೂ ‘ದ ಪೊಲೀಸ್ ಆರ್ ಕಮಿಂಗ್’ ಎನ್ನಬೇಕು. ಒಬ್ಬರೇ ಬರುತ್ತಿದ್ದರೆ ‘ಎ ಪೊಲೀಸ್ ಆಫೀಸರ್ ಈಸ್ ಕಮಿಂಗ್’.