ಟ್ರಿಗರ್ ಹಗುರ ಮಾಡಿಸಿದ ಮೇಲೆ ಹ್ಯಾಮರ್ ನಿಲ್ಲುತ್ತಿಲ್ಲ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ಬಳಿ ಲೈಸೆನ್ಸ್ ಇರುವ 1911 ಮಾದರಿಯ .45 ಪಿಸ್ತೂಲಿದೆ. ಟ್ರಿಗರ್ ಗಡುಸಾಗಿದೆಯೆಂದು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಒಬ್ಬರಿಂದ ಹಗುರ ಮಾಡಿಸಿದೆ. ಈಗ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಮುಂದಕ್ಕೆ ಬಂದು ಮುಚ್ಚಿಕೊಳ್ಳುವಾಗ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆ) ಕೆಲವೊಮ್ಮೆ ಅದರ ಜೊತೆಗೇ ಇಳಿದು ಅರ್ಧದಲ್ಲಿ ನಿಲ್ಲುತ್ತದೆ. ಇನ್ನೂರು ಗುಂಡು ಹಾರಿಸಿದರೆ ತಾನಾಗಿ ಸರಿಹೋಗುತ್ತದೆ ಎಂದು ಅವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ 1: ದಯವಿಟ್ಟು ಒಂದು ಗುಂಡನ್ನೂ ಹಾರಿಸಬೇಡಿ. ಹ್ಯಾಮರನ್ನು ಹಿಡಿದಿಡುವುದು ಸಿಯರ್ ಎಂಬ ಸಣ್ಣ ತುಂಡಿನ ಅಂಚು; ಅದು ಹ್ಯಾಮರಿನ ಎರಡು ಕೊಕ್ಕೆಗಳಿಗೆ ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ ಸಿಕ್ಕಿಕೊಂಡಿರುತ್ತದೆ. ಆ ಅಂಚನ್ನು ಕಲ್ಲಿನಿಂದ ಓರೆಯಾಗಿ ಉಜ್ಜಿದರೆ ಸ್ಲೈಡ್ ಬಡಿದ ಕಂಪನಕ್ಕೇ ಹ್ಯಾಮರ್ ಜಾರುತ್ತದೆ. ಸವೆಯುತ್ತ ಹೋದಂತೆ ಈ ದೋಷ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಟ್ರಿಗರನ್ನು ಒಮ್ಮೆ ಎಳೆದಾಗ ಎರಡು ಗುಂಡು ಹಾರುವ ಸಂಭವವೂ ಇದೆ, ಮತ್ತು ಆ ಎರಡನೆಯದು ಹಾರುವ ಹೊತ್ತಿಗೆ ನಳಿಗೆ ಗುರಿಯ ಕಡೆಗೆ ಇರುವುದಿಲ್ಲ.

ನನಗೂ ಇದೇ ತೊಂದರೆಯಾಗಿತ್ತು. ಬೇರೊಬ್ಬ ಗನ್‌ಸ್ಮಿತ್ ಸಿಯರಿನ ಅಂಚಿಗೆ ಮಾರ್ಕರ್ ಶಾಯಿ ಬಳಿದು, ಜೋಡಿಸಿ, ಹ್ಯಾಮರನ್ನು ಕೆಲವು ಸಲ ಎಳೆದು ಬಿಟ್ಟು, ಮತ್ತೆ ಬಿಚ್ಚಿ ಭೂತಗನ್ನಡಿಯಲ್ಲಿ ತೋರಿಸಿದರು. ಎಡಗಡೆ ಶಾಯಿ ಉಜ್ಜಿ ಹೋಗಿ ಲೋಹ ಹೊಳೆಯುತ್ತಿತ್ತು, ಬಲಗಡೆ ಶಾಯಿ ಹಾಗೆಯೇ ಇತ್ತು. ಅಂದರೆ ಇಡೀ ಭಾರ ಒಂದೇ ಕೊಕ್ಕೆಯ ಮೇಲೆ ನಿಂತಿತ್ತು. ಮೊದಲು ಕೆಲಸ ಮಾಡಿದವರು ಅಷ್ಟಕ್ಕೇ ನಿಲ್ಲಿಸದೆ ಸಿಯರ್ ಸ್ಪ್ರಿಂಗಿನ ಎಡಗಡೆಯ ಎಲೆಯನ್ನೂ (ಸಿಯರನ್ನು ಒತ್ತುವ ಪಟ್ಟಿ) ಹಿಂದಕ್ಕೆ ಬಗ್ಗಿಸಿ ಬಲ ತಗ್ಗಿಸಿದ್ದರು. ಸ್ಪ್ರಿಂಗನ್ನು ಮತ್ತೆ ಬಗ್ಗಿಸಿ ಸರಿಪಡಿಸಬಹುದು, ಆದರೆ ಉಜ್ಜಿ ತೆಗೆದ ಲೋಹ ಮರಳಿ ಬರುವುದಿಲ್ಲವಾದ್ದರಿಂದ ಸಿಯರನ್ನೂ ಹ್ಯಾಮರನ್ನೂ ಜೊತೆಯಾಗಿ ಹೊಸದು ಹಾಕಿಸಬೇಕಾಯಿತು.

ಉತ್ತರ 2: ಮೇಲಿನ ಉತ್ತರಕ್ಕೆ ಒಂದು ವಿಷಯ ಸೇರಿಸಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಈ ಪಿಸ್ತೂಲಿನಲ್ಲಿ ಹೆಬ್ಬೆರಳಿನ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ತಡೆಯುವುದು ಸಿಯರನ್ನೇ. ಹಾಗಾಗಿ ಸಿಯರಿಗೆ ಕೈ ಹಾಕಿದ ಮೇಲೆ ಸೇಫ್ಟಿಯೂ ಸಡಿಲವಾಗಿರಬಹುದು. ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ತೆಗೆದು, ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಪರೀಕ್ಷಿಸಿ. ಹ್ಯಾಮರನ್ನು ಪೂರ್ತಿ ಹಿಂದಕ್ಕೆಳೆದು ಸೇಫ್ಟಿ ಹಾಕಿ, ಟ್ರಿಗರನ್ನು ಬಲವಾಗಿ ಒತ್ತಿ, ಆಮೇಲೆ ಬೆರಳು ತೆಗೆಯಿರಿ. ಈಗ ಸೇಫ್ಟಿ ತೆಗೆದು, ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು, ನಳಿಗೆ ಸುರಕ್ಷಿತ ದಿಕ್ಕಿನಲ್ಲಿರುವಂತೆ ನೋಡಿಕೊಂಡು, ಹ್ಯಾಮರನ್ನು ಹೆಬ್ಬೆರಳಿನಿಂದ ತುಸುವೇ ಹಿಂದಕ್ಕೆಳೆಯಿರಿ. ಸಣ್ಣದೊಂದು 'ಟಿಕ್' ಸದ್ದು ಕೇಳಿದರೆ, ಸೇಫ್ಟಿ ಹಾಕಿದ್ದಾಗಲೂ ಸಿಯರ್ ಅಲುಗಿತ್ತು, ಈಗ ತನ್ನ ಜಾಗಕ್ಕೆ ಮರಳಿತು ಎಂದರ್ಥ. ಸದ್ದು ಕೇಳದಿದ್ದರೂ ನಿಮ್ಮ ಮೂಲ ತೊಂದರೆ ಹಾಗೆಯೇ ಇದೆಯೆಂಬುದನ್ನು ಮರೆಯಬೇಡಿ.

ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಪದೇ ಪದೇ ಬಡಿಸಿ ನೋಡುವ ಅಭ್ಯಾಸ ಬೇಡ. ತೋಟಾದ ತಡೆಯಿಲ್ಲದೆ ಸ್ಲೈಡ್ ಪೂರ್ಣ ವೇಗದಲ್ಲಿ ಬಡಿದು, ಇದ್ದ ಅಂಚನ್ನೂ ಕೆಡಿಸುತ್ತದೆ.

ಉತ್ತರ 3: ಬಿಚ್ಚಿದ ಹಳೆಯ ಭಾಗಗಳೇನಾದರೂ ಇದ್ದರೆ ಟ್ರಿಗರ್ ಹಗುರ ಮಾಡಿದ ಗನ್‌ಸ್ಮಿತ್‌ರಿಂದ ಕೇಳಿ ಪಡೆಯಿರಿ. ಹಳೆಯ ಸಿಯರ್ ಮತ್ತು ಸ್ಪ್ರಿಂಗ್ ಹಾಕಿದಾಗ ಹ್ಯಾಮರ್ ಗಟ್ಟಿಯಾಗಿ ನಿಂತರೆ ದೋಷ ಎಲ್ಲಿದೆಯೆಂಬುದು ಅಲ್ಲಿಗೇ ತಿಳಿಯುತ್ತದೆ. ಉಜ್ಜಿದವರ ಕೈಗೇ ಮತ್ತೆ ಕೊಟ್ಟು ಇನ್ನಷ್ಟು ಉಜ್ಜಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಹೊಸ ಗನ್‌ಸ್ಮಿತ್‌ಗೆ ಏನೇನು ಮಾಡಿಸಿದಿರಿ, ಹ್ಯಾಮರ್ ಯಾವಾಗ ಇಳಿಯುತ್ತದೆ ಎಂಬುದನ್ನು ಬರೆದು ಕೊಡಿ. ರಿಪೇರಿಯಾದ ಮೇಲೂ ರೇಂಜಿನಲ್ಲಿ ಮೊದಲು ಮ್ಯಾಗಜೀನಿಗೆ ಒಂದೇ ತೋಟಾ, ಆಮೇಲೆ ಎರಡು, ಹೀಗೆ ಹಾಕಿ ನೋಡಿದ ಬಳಿಕವೇ ಪೂರ್ತಿ ತುಂಬಿಸಿ.