ಎರಡು ರಾತ್ರಿಗೆ ಪ್ವೆಬ್ಲಾನಾ, ಗ್ವಾನಹ್ವಾತೋನಾ?

ಊರುಸುತ್ತಿ:
ಡಿಸೆಂಬರ್‌ನಲ್ಲಿ ಮೆಕ್ಸಿಕೋ ಸಿಟಿಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಮಧ್ಯೆ ಎರಡು ರಾತ್ರಿ ಸ್ಪ್ಯಾನಿಷರ ಕಾಲದ ಹಳೇ ಊರೊಂದರಲ್ಲಿ ಇರೋಣ ಅಂತಿದೆ. ಗ್ವಾನಹ್ವಾತೋದ ಬಣ್ಣದ ಮನೆಗಳ ಫೋಟೋ ನೋಡಿ ಮಕ್ಕಳು ಅಲ್ಲಿಗೇ ಅಂತ ಹಟ ಹಿಡಿದಿದ್ದಾರೆ, ಹೆಂಡತಿಗೆ ಸ್ಯಾನ್ ಮಿಗೆಲ್ ದೆ ಅಯೆಂದೆ ನೋಡೋ ಆಸೆ. ಅತ್ತೆಗೆ ಮಂಡಿ ನೋವು. ಎಲ್ಲರೂ ಸಸ್ಯಾಹಾರಿಗಳು. ಕಾರು ಓಡಿಸೋ ಧೈರ್ಯ ನನಗಿಲ್ಲ, ಬಸ್ಸೇ ಗತಿ. ಹೋಗಿ ಬಂದವರು ಹೇಳಿ.

ಬಿಸಿಲುಮಚ್ಚು:
ಎರಡೇ ರಾತ್ರಿ, ಜೊತೆಗೆ ಮಂಡಿ ನೋವು ಅಂದರೆ ಕಣ್ಣು ಮುಚ್ಚಿಕೊಂಡು ಪ್ವೆಬ್ಲಾಗೆ ಹೋಗಿ. ಮೆಕ್ಸಿಕೋ ಸಿಟಿಯ ಟಾಪೋ ಬಸ್ ನಿಲ್ದಾಣದಿಂದ ಸುಮಾರು ಎರಡು ಗಂಟೆ ದಾರಿ, ಬಸ್ಸು ಜಾಸ್ತಿ. ಶುಕ್ರವಾರ ಸಂಜೆ ಮಾತ್ರ ಹೊರಡಬೇಡಿ, ಸಿಟಿ ದಾಟುವಷ್ಟರಲ್ಲೇ ಸಾಕಾಗುತ್ತದೆ. 1531ರಲ್ಲಿ ಸ್ಪ್ಯಾನಿಷರು ಲೆಕ್ಕ ಹಾಕಿ ಕಟ್ಟಿದ ಊರು ಅದು, ಹಳೇ ಭಾಗದ ಬೀದಿಗಳೆಲ್ಲ ಚೌಕಾಬಾರದ ಮನೆಗಳ ಹಾಗೆ ನೇರ, ಹೆಚ್ಚುಕಮ್ಮಿ ಸಪಾಟು. ಅತ್ತೆಯವರು ಚೌಕದ ಕಮಾನುಗಳ ಕೆಳಗೆ ಕೂತು ಜನ ನೋಡುತ್ತಿರಬಹುದು.

ಸಾಂತೊ ದೊಮಿಂಗೊ ಚರ್ಚಿನೊಳಗಿನ ರೊಸಾರಿಯೊ ಚಾಪೆಲ್ ಬಿಡಬೇಡಿ. 1690ರದ್ದು, ಗೋಡೆಯಿಂದ ಗುಮ್ಮಟದವರೆಗೆ ಗಾರೆ ಕೆಲಸದ ಮೇಲೆ ಚಿನ್ನದ ರೇಕು. ಪಾಲಾಫೋಕ್ಸಿಯಾನಾ ಗ್ರಂಥಾಲಯ 1646ರದ್ದು, ಮರದ ಕಪಾಟು ಮೂರು ಅಂತಸ್ತು ಎತ್ತರ. ಆದರೆ ಸೋಮವಾರ ಅಲ್ಲಿ ಎಷ್ಟೋ ಮ್ಯೂಸಿಯಂಗಳು ಮುಚ್ಚಿರುತ್ತವೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ತಾಲಾವೆರಾ ಪಿಂಗಾಣಿ ಕೊಳ್ಳೋದಾದರೆ ತಟ್ಟೆಯ ಮೇಲೆ ಬೆರಳಾಡಿಸಿ. ಕೈಯಲ್ಲಿ ಬರೆದದ್ದಾದರೆ ಬಣ್ಣ ಸ್ವಲ್ಪ ಉಬ್ಬಿರುತ್ತದೆ, ತಿರುಗಿಸಿದರೆ ತಳದಲ್ಲಿ ಕಾರ್ಖಾನೆಯ ಗುರುತೂ ಇರುತ್ತದೆ. ಸ್ಟಿಕ್ಕರ್ ಮಾಲಿಗೆ ಅಷ್ಟು ದುಡ್ಡು ಯಾಕೆ?

ಕಾಡುದಾರಿ:
ಮಕ್ಕಳ ಪಾಲಿಗೆ ಪ್ವೆಬ್ಲಾ ಬೋರು ಕಣ್ರೀ. ಚರ್ಚು, ಮತ್ತೊಂದು ಚರ್ಚು. ಗ್ವಾನಹ್ವಾತೋದಲ್ಲಿ ಊರಿನ ಕೆಳಗೇ ಸುರಂಗ, ಅದರೊಳಗೆ ಕಾರು ಬಸ್ಸು ಓಡುತ್ತವೆ. ಹುವಾರೆಸ್ ಥಿಯೇಟರ್ ಹಿಂದಿನಿಂದ ಹಳಿ ಮೇಲಿನ ಪುಟ್ಟ ಗಾಡಿ ಗುಡ್ಡದ ಮೇಲಿನ ಪಿಪಿಲಾ ಪ್ರತಿಮೆಗೆ ಹೋಗುತ್ತದೆ. ರಾತ್ರಿ ಹಳೇ ಕಾಲದ ವೇಷ ಹಾಕಿಕೊಂಡ ಹಾಡುಗಾರರು ಜನರನ್ನೆಲ್ಲ ಹಿಂದೆ ಕಟ್ಟಿಕೊಂಡು ಗಲ್ಲಿ ಗಲ್ಲಿ ಸುತ್ತುತ್ತಾರೆ. ಮಮ್ಮಿಗಳ ಮ್ಯೂಸಿಯಂ ಮಾತ್ರ ಸಣ್ಣ ಮಕ್ಕಳಿಗೆ ಬೇಡ, ನಿಜವಾದ ಹೆಣಗಳು ಅವು.

ಬಿಸಿಲುಮಚ್ಚು:
ಅದೆಲ್ಲ ಸರಿ, ಆದರೆ ಬಸ್ಸಲ್ಲಿ ಐದು ಗಂಟೆ ಹತ್ತಿರ ಆಗುತ್ತದೆ, ಬಸ್ ನಿಲ್ದಾಣ ಬೇರೆ ಊರ ಹೊರಗೆ. ಎಷ್ಟೋ ಹೋಟೆಲುಗಳ ಬಾಗಿಲಿಗೆ ಟ್ಯಾಕ್ಸಿ ಹೋಗುವುದಿಲ್ಲ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಮಂಡಿ ನೋವಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗೋದಾ? ಸ್ಯಾನ್ ಮಿಗೆಲ್ ಕೂಡ ಏರು, ಮೇಲಿಂದ ಉರುಟು ಕಲ್ಲಿನ ರಸ್ತೆ. ಮಕ್ಕಳಿಗೆ ಬೋರಾದರೆ ಪಕ್ಕದಲ್ಲೇ ಚೊಲೂಲಾ ಇದೆಯಲ್ಲ. ಗುಡ್ಡ ಅಂದುಕೊಂಡದ್ದು ನಿಜವಾಗಿ ಪಿರಮಿಡ್, ಅದರ ನೆತ್ತಿ ಮೇಲೆ ಚರ್ಚು! ಗಾತ್ರದಲ್ಲಿ ಅದಕ್ಕಿಂತ ದೊಡ್ಡ ಪಿರಮಿಡ್ ಇನ್ನೊಂದಿಲ್ಲ. ಮಕ್ಕಳು ಹತ್ತಲಿ, ಅತ್ತೆಯವರು ಕೆಳಗೇ ಇರಲಿ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಪೊಪೊಕಟೆಪೆಟ್ಲ್ ಜ್ವಾಲಾಮುಖಿ ಹೊಗೆ ಬಿಡೋದೂ ಕಾಣುತ್ತದೆ.

ಒಗ್ಗರಣೆ:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಬೇಯಿಸಿ ಅರೆದ ಬೀನ್ಸ್ ನೋಡೋಕೆ ಸಸ್ಯಾಹಾರ, ಆದರೆ ಹುರಿಯೋದು ಎಷ್ಟೋ ಕಡೆ ಹಂದಿ ಕೊಬ್ಬಲ್ಲಿ. ಅನ್ನ, ಸೂಪು, ಮೆಣಸಿನಕಾಯಿ ಅರೆದು ಮಾಡೋ ‘ಮೋಲೆ’ ಸಾಸಿಗೂ ಕೋಳಿ ಸಾರು ಬಿದ್ದಿರುತ್ತದೆ. ‘ಮಾಂಸ ಬೇಡ’ ಅಂದರೆ ಸಾಲದು, ‘ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೋಯೊ’ (ಹಂದಿ ಕೊಬ್ಬು ಬೇಡ, ಕೋಳಿ ಸಾರು ಬೇಡ) ಅಂತ ಚೀಟಿ ಬರೆದಿಟ್ಟುಕೊಂಡು ತೋರಿಸಿ. ಚೀಸ್ ಹಾಕಿ ಮಡಚಿದ ರೊಟ್ಟಿ ‘ಕೇಸಡಿಯಾ’, ಪಾಪಾಸುಕಳ್ಳಿ ಎಲೆಯ ಪಲ್ಯ ಸಿಗುತ್ತದೆ, ಹಸಿವಿಗೇನೂ ತೊಂದರೆಯಿಲ್ಲ. ಪ್ವೆಬ್ಲಾದಲ್ಲಿ ಸಿಹಿಗೆಣಸಿನ ಮಿಠಾಯಿ ‘ಕಾಮೊತೆ’ ಮಕ್ಕಳಿಗೆ ಕೊಡಿಸಿ.

ಊರುಸುತ್ತಿ:
ಪಿರಮಿಡ್ ವಿಷಯ ಕೇಳಿದ ಮೇಲೆ ದೊಡ್ಡವನು ಒಪ್ಪಿದ್ದಾನೆ, ಚಿಕ್ಕವಳಿಗೆ ಇನ್ನೂ ಸುರಂಗದ್ದೇ ಜಪ. ಪ್ವೆಬ್ಲಾ ಅಂತಲೇ ಇಟ್ಟುಕೊಳ್ಳುತ್ತೇವೆ. ಅದನ್ನು ಪ್ರವಾಸದ ಕೊನೆಗೆ ಹಾಕಿದರೆ ವಾಪಸ್ ವಿಮಾನಕ್ಕೆ ಮತ್ತೆ ಸಿಟಿಯೊಳಗೆ ಹೋಗಬೇಕಾ?

ಬಿಸಿಲುಮಚ್ಚು:
ಬೇಡ. ಪ್ವೆಬ್ಲಾದಿಂದ ಮೆಕ್ಸಿಕೋ ಸಿಟಿ ಏರ್‌ಪೋರ್ಟಿಗೆ ನೇರ ಬಸ್ಸಿದೆ. ಟ್ರಾಫಿಕ್ ನಂಬೋ ಹಾಗಿಲ್ಲ, ಕೈಯಲ್ಲಿ ಜಾಸ್ತಿ ಹೊತ್ತು ಇಟ್ಟುಕೊಂಡೇ ಹೊರಡಿ.